ಘಾಲಿಯ ಪೆಟ್ಟಿಗೆ ಅಬಲೆಸ್ಸಾದಲ್ಲಿದೆ

ಇಲ್ಲ ಇಲ್ಲ ಇಲ್ಲ... ಏಳ್ಬೇಡ! ಕೂತ್ಕೋ ಖಮ್ದಾನ್! ಮೊದಲನೇ ಲೋಟಕ್ಕೇ ಎದ್ದು ಹೋದ ಅಂತ ತಮನ್ರಾಸೆತ್ತ್ ಊರಿಗೆಲ್ಲ ಗೊತ್ತಾದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಮೂರು ಲೋಟ ಚಹಾ ಮುಗಿಯೋವರೆಗೂ ನೀನು ನನ್ನ ಕೈದಿ. ನಾನು ಮಾಡಿದ ಕಾನೂನಲ್ಲಪ್ಪ, ನಿಮ್ಮಜ್ಜ ನಮ್ಮಜ್ಜ ಮಾಡಿಟ್ಟು ಹೋದದ್ದು. ಕೂತ್ಕೋ.

ಹೇಳಿದ್ನಲ್ಲ, ಘಾಲಿಯ ಗಿಟಾರಿನ ಸ್ಪೀಕರ್ ಪೆಟ್ಟಿಗೆ ಅಬಲೆಸ್ಸಾದಲ್ಲಿದೆ. ನಮ್ಮ ಕೆನಾನ್ ಹತ್ರ. ನನ್ನ ಹೆಂಡ್ತಿ ತಮ್ಮ ಕಣೋ... ಒಂದು ಕಿವಿ ಸಣ್ಣದು, ಒಂದು ದೊಡ್ಡದು... ಹಾಂ, ಅವನೇ. ಯಾರದೋ ಮಗೂಗೆ ಹೆಸರಿಡೋ ಶಾಸ್ತ್ರಕ್ಕೆ ಅಂತ ತಗೊಂಡು ಹೋದ, ಈಗ ಕಾರು ಕೆಟ್ಟು ಕೂತಿದಾನೆ. ನಾಳೆ ತರ್ತಾನೆ. ನಾಳೆ ಅಂದ್ರೆ ನಾಳೆ. ನಿನ್ನ ಮಗಳ ಮದುವೆ ಇರೋದು ಗುರುವಾರ ತಾನೆ? ಇವತ್ತು ಇನ್ನೂ ಸೋಮವಾರ. ಯಾಕೆ ಹಂಗೆ ಒದ್ದಾಡ್ತೀಯ?

ಗೊತ್ತು ಮಾರಾಯ, ಗೊತ್ತು! ಜಾನೆತ್ತಿಂದ ಬಸ್ಸಲ್ಲಿ ಸೊಂಟ ಮುರ್ಕೊಂಡು ಬಂದಿರೋದು ನನ್ನ ಮುಖ ನೋಡೋಕಲ್ಲ. ನಿಮ್ಮಣ್ಣ ಘಾಲಿ ನಿನ್ನ ಮಗಳು ದಸ್ಸೀನ್‌ಗೆ ಮಾತು ಕೊಟ್ಟಿದ್ದ, "ನಿನ್ನ ಮದುವೇಲಿ ನಾನಿರ್ತೀನೋ ಇಲ್ವೋ, ನನ್ನ ಪೆಟ್ಟಿಗೆ ಹಾಡುತ್ತೆ" ಅಂತ. ನಾನೂ ಅಲ್ಲೇ ಇದ್ನಲ್ಲೋ. ನಿಮ್ಮಣ್ಣ ಸಾಯೋ ಹಿಂದಿನ ವಾರ ಆ ಪೆಟ್ಟಿಗೇನ ನನ್ನ ಕೈಗೆ ಕೊಟ್ಟು, "ಮದುವೆವರೆಗೂ ನೋಡ್ಕೋ ಅಮಸ್ತಾನ್" ಅಂದಾಗ ಅತ್ತಿದ್ದು ಯಾರು? ನಾನು! ನೀನು ಒಳಗೆ ಸಕ್ಕರೆ ಹುಡುಕ್ತಾ ಇದ್ದೆ.

ಮೂರು ವರ್ಷ ಆಯ್ತು... ತಗೋ, ಕುಡಿ. ಕಹಿ ಇದೆಯಾ? ಮೊದಲನೇದು ಕಹಿನೇ ಇರ್ಬೇಕು.

ಈಗ ನಾನು ಒಂದು ಮಾತು ಹೇಳ್ತೀನಿ, ಸಿಟ್ಟಾಗ್ಬೇಡ. ಈ ಕಾಲದಲ್ಲಿ ಪೆಟ್ಟಿಗೆ ಯಾಕೋ ಬೇಕು? ಆ? ಗಿಟಾರಿನ ವೈರು ಈ ಅಂಗೈಯಷ್ಟು ಡಬ್ಬಿಗೆ, ಡಬ್ಬಿಯಿಂದ ಕಂಪ್ಯೂಟರ್‌ಗೆ. ಅಷ್ಟೇ. ನಡುವೆ ಪೆಟ್ಟಿಗೆ ಇಲ್ಲ, ಮೈಕ್ ಇಲ್ಲ, ಬ್ಯಾಟರಿ ಹೊರೋ ಕತ್ತೆ ಇಲ್ಲ. ಮನೇಲೇ ಚಾಪೆ ಮೇಲೆ ಕೂತು... ಯಾಕೋ ನಗ್ತೀಯ? ನಗ್ಬೇಡ ಅಂದೆ! ಮುಂಡಾಸಿನ ಮುಸುಕನ್ನ ಗಲ್ಲದ ಕೆಳಗೆ ಇಳಿಸ್ಕೊಂಡು ಕೂತಿದೀಯ, ಮೂವತ್ತೆರಡೂ ಹಲ್ಲು ಕಾಣ್ತಾ ಇದಾವೆ. ನಿಮ್ಮತ್ತೆ ಮುಂದೆ ಆದ್ರೆ ಗಂಡಸಿನ ಮರ್ಯಾದೆ ಅಂತ ಮೂಗಿನವರೆಗೂ ಏರಿಸ್ಕೊಂಡು, ಚಹಾ ಲೋಟನೂ ಮುಸುಕಿನ ಅಡಿಯಿಂದ ಒಳಗೆ ತೂರಿಸಿ ಕದ್ದು ಕುಡಿದ ಹಾಗೆ ಕುಡಿಯೋನು ನೀನು! ನನ್ನ ಮುಂದೆ ಮಾತ್ರ ಹಲ್ಲು ಕಿಸೀತೀಯ. ಕಿಸಿ, ಕಿಸಿ. ಮೂವತ್ತು ವರ್ಷದಿಂದ ನೋಡ್ತಾ ಇದೀನಿ ಆ ಹಲ್ಲುಗಳನ್ನ.

ಮೊದಲನೇ ದಿನ ಏನಾಯ್ತು ಗೊತ್ತಾ? ವೈರು ಸಿಕ್ಕಿಸ್ದೆ, ತಂತಿ ಮೀಟ್ದೆ. ಸದ್ದು ಹೆಂಗೆ ಬಂತು ಅಂತೀಯ... ಸಾರ್ಡೀನ್ ಡಬ್ಬದೊಳಗೆ ಸೊಳ್ಳೆ ಸಿಕ್ಕಾಕ್ಕೊಂಡ ಹಾಗೆ. ತಿನ್ನಾ ಅಡುಗೆಮನೆಯಿಂದ ಓಡಿ ಬಂದ್ಲು, "ಏನು ಮುರಿದ್ರಿ?" ಅಂತ. ನನ್ನ ಹೆಂಡ್ತಿ, ನಾನು ನುಡಿಸಿದ್ದನ್ನ ಕೇಳಿ ಮದುವೆಯಾದೋಳು, ಏನು ಮುರಿದ್ರಿ ಅಂತಾಳೆ!

ಆಮೇಲೆ ಅದರ ಹಿಂದೆ ಒಂದು ಗೊರಕೆ. ಗುಂಯ್ಯ್... ನಾನು ಮೀಟ್ಲಿ ಬಿಡ್ಲಿ, ಗುಂಯ್ಯ್. ಎರಡು ದಿನ ಹುಡುಕಿದೀನಿ. ಫ್ರಿಜ್ಜು ಕಣೋ! ಫ್ರಿಜ್ಜಿನ ಕರೆಂಟೂ ಕಂಪ್ಯೂಟರಿನ ಕರೆಂಟೂ ಒಂದೇ ಗೋಡೆಯಿಂದ ಬರೋದು. ಫ್ರಿಜ್ ಆರಿಸ್ದೆ, ಗೊರಕೆ ಮುಕ್ಕಾಲು ನಿಂತೋಯ್ತು. ಮೂರು ಹಾಡು ಮುಗಿಸಿದೆ. ಆಮೇಲೆ ಬಾಗಿಲು ತೆಗೆದು ನೋಡಿದ್ರೆ ಬಕ್ರೀದಿನ ಮಾಂಸ ನಾರ್ತಾ ಇದೆ. ಎರಡು ದಿನ ತಿನ್ನಾ ನನ್ನ ಹತ್ರ ಮಾತಾಡ್ಲಿಲ್ಲ. ಆ ಎರಡು ದಿನ ರೆಕಾರ್ಡಿಂಗ್ ಬಹಳ ಚೆನ್ನಾಗಿ ಆಯ್ತು ಅನ್ನು.

ಇದು ಕೇಳು, ಇದು ಕೇಳು. ತಂತಿ ಮೇಲೆ ಕೈಯಿಟ್ರೆ ಉಳಿದ ಗೊರಕೆನೂ ನಿಲ್ಲುತ್ತೆ, ಕೈ ತೆಗೆದ್ರೆ ಶುರು. ನಾನೇನು ಮಾಡ್ದೆ? ಗಿಟಾರಿಗೆ ಒಂದು ತಾಮ್ರದ ತಂತಿ ಕಟ್ಟಿ, ಅದರ ಇನ್ನೊಂದು ತುದೀನ ನನ್ನ ಕಾಲ್ಬೆರಳಿಗೆ ಸುತ್ಕೊಂಡೆ. ಹಂಗೇ ನುಡಿಸ್ತಾ ಇದ್ದಾಗ ಇಮಾಮರು ಬಂದ್ರು. ನೋಡಿದ್ರು. ಹಂಗೇ ವಾಪಸ್ ಹೋದ್ರು. ಶುಕ್ರವಾರ ನನ್ನ ಹೆಸರು ಹೇಳಿ ದುವಾ ಮಾಡಿದ್ರಂತೆ.

ಆಯ್ತಾ. ಇನ್ನು ಕೆಂಪು ದೀಪ. ಈ ಡಬ್ಬೀಲಿ ಹಸಿರು ದೀಪ ಇದೆ, ಕೆಂಪು ದೀಪ ಇದೆ. ನಾವು ಯಾವತ್ತಾದ್ರೂ ಸದ್ದು ಏರಿಸೋ ಬಿರಡೆ ಅರ್ಧಕ್ಕೆ ನಿಲ್ಸಿದೀವಾ? ಮದುವೆ ಮನೆ ಅಂದ್ರೆ ಕೊನೇವರೆಗೂ ತಿರುಗಿಸೋದು! ಅರ್ಧಕ್ಕೆ ನಿಲ್ಸಿದ್ರೆ ಹೆಣ್ಣಿನ ಕಡೆಯೋರು ಕೇಳ್ತಾರೆ, "ಏನು, ನಮ್ಮ ಹುಡುಗಿ ಕಡಿಮೆಯಾ?" ಅಂತ. ಅದಕ್ಕೆ ನಾನು ಕೊನೇವರೆಗೂ ತಿರುಗಿಸ್ದೆ. ಕೆಂಪು ಬಂತು. ಖುಷಿಯಾಯ್ತು! ಓಹೋ, ಮೆಚ್ಚಿಕೊಂಡಿದೆ ಡಬ್ಬಿ ಅನ್ಕೊಂಡೆ. ಕೇಳಿ ನೋಡಿದ್ರೆ ಬರೀ ಬಟ್ಟೆ ಹರಿದ ಸದ್ದು. ಕಂಪ್ಯೂಟರಿಗೆ ಮದುವೆ ಗೊತ್ತಿಲ್ಲ ಖಮ್ದಾನ್. ಅದಕ್ಕೆ ತಗ್ಗಿಸಿ ಕೊಡ್ಬೇಕು. ಅರ್ಧ, ಅದಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಅದೊಂದು ಕಲಿಯೋಕೆ ನಂಗೆ ಆರು ತಿಂಗಳು... ಕಲಿತೆ. ಕಲಿತೆ ಅಂತಾನೇ ಅನ್ಕೊಂಡಿದ್ದೆ.

ಏನಿಲ್ಲ. ಲೋಟ ಕೊಡು. ಎರಡನೇದು ಹಾಕ್ತೀನಿ.

ಹಾಂ, ಸದ್ದು! ಕಂಪ್ಯೂಟರಿನೊಳಗೇ ಪೆಟ್ಟಿಗೆಗಳಿವೆ ಕಣೋ, ಚಿತ್ರದ ಪೆಟ್ಟಿಗೆಗಳು. ನಲವತ್ತೊಂದು! ಬೆಳ್ಳಿ ಬಿರಡೆ, ಚರ್ಮದ ಹೊದಿಕೆ. ಒಂದೊಂದನ್ನೂ ಒತ್ತಿ ನೋಡ್ದೆ. ಒಂದು ಶೀತ ಹಿಡಿದ ಹಾಗೆ, ಒಂದು ಸ್ನಾನದ ಮನೇಲಿ ಕೂಗಿದ ಹಾಗೆ. ಎಲ್ಲ ಚೆನ್ನಾಗೇ ಇವೆ, ಇಲ್ಲ ಅನ್ನಲ್ಲ. ಆದ್ರೆ ಒಂದಕ್ಕೂ ಜೀವಮಾನದಲ್ಲಿ ಒಂದು ಹಿಡಿ ಮರಳು ತಿಂದು ಗೊತ್ತಿಲ್ಲ. ಒಂದನ್ನೂ ಮೇಕೆ ಕಚ್ಚಿಲ್ಲ!

ಅಬ್ಬಾ, ಆ ಮೇಕೆ! ನೆನಪಿದೆಯಾ? ಘಾಲಿ ಹಲಗೆ ಹೊಡೆದು, ಹಳೇ ಲಾರಿ ರೇಡಿಯೋದ ಸ್ಪೀಕರ್ ಕೂರಿಸಿ, ಹೊರಗೆ ಒಣಗೋಕೆ ಇಟ್ಟಿದ್ದ. ನಿಮ್ಮಮ್ಮನ ಕಪ್ಪು ಮೇಕೆ ಬಂದು ಸ್ಪೀಕರಿನ ಕಾಗದದ ಬಟ್ಟಲನ್ನ ತಿಂದುಬಿಡ್ತು! ಕಾಲು ಭಾಗ! ಬೇರೆ ಯಾರಾದ್ರೂ ಆಗಿದ್ರೆ ಎಸೀತಿದ್ರು. ಅವನು ಏನು ಮಾಡ್ದ? ಚಹಾ ಪೊಟ್ಟಣದ ಹಸಿರು ಕಾಗದ ಹರಿದು, ಜಾಲಿಮರದ ಗೋಂದು ಹಚ್ಚಿ ತೇಪೆ ಹಾಕ್ದ. ಅವತ್ತಿಂದ ದಪ್ಪ ತಂತಿ ಮೀಟಿದ್ರೆ ಸಾಕು... ಗ್ರ್‌ರ್‌ರ್... ಹೊರೆ ಹೇರುವಾಗ ಒಂಟೆ ಗೊಣಗಿದ ಹಾಗೆ. ಇಡೀ ಸಹಾರಾದಲ್ಲಿ ಆ ಸದ್ದು ಒಂದೇ. ಕತ್ತಲಲ್ಲಿ ಹತ್ತು ಗಿಟಾರ್ ಕೇಳ್ಸಿದ್ರೂ ಘಾಲಿ ಯಾವುದು ಅಂತ ಹೆಂಗಸರು ಹೇಳ್ಬಿಡ್ತಿದ್ರು. ಅದೇ ಗೊಣಗಾಟಕ್ಕೆ ಎಷ್ಟು ಜನ ಕುಣಿದ್ರು, ಎಷ್ಟು ಜನ ಅತ್ರು... ಅವನಿಲ್ಲದೆ ನಂಗೆ ಏನೂ ಚೆನ್ನಾಗಿಲ್ಲ ಕಣೋ. ನಿಜ ಹೇಳ್ತೀನಿ, ಒಂದೂ ಚೆನ್ನಾಗಿಲ್ಲ.

ಬಿಡು. ಇದು ಕುಡಿ.

ಒರಾನಿನಲ್ಲಿ ಒಬ್ಬಳಿದಾಳೆ, ಸುಮಯ್ಯಾ ಅಂತ. ಸೌಂಡಿನ ಕೆಲಸ ಓದಿದೋಳು. ಫೋನಲ್ಲಿ ನಂಗೆ ಪಾಠ ಮಾಡ್ತಾಳೆ, ಬೈತಾಳೆ ಕೂಡ. ಅವಳು ಹೇಳಿದ್ಲು, "ನೇರ ಕಂಪ್ಯೂಟರಿಗೆ ಕೊಟ್ಟ ಗಿಟಾರಿಗೆ ಗಂಟಲಿದೆ, ಬಾಯಿಲ್ಲ. ಬಾಯಿ ಅಂದ್ರೆ ಪೆಟ್ಟಿಗೆ. ಯಾವುದಾದ್ರೂ ಪೆಟ್ಟಿಗೆಯ ಬಾಯಿನ ನಕಲು ಮಾಡ್ಕೋಬಹುದು" ಅಂತ. ಹೆಂಗೆ ಅಂದ್ರೆ, ಪೆಟ್ಟಿಗೆ ಒಳಗೆ ಒಂದು ಸಿಳ್ಳೆ ಬಿಡೋದು, ಅತಿ ಕೆಳಗಿಂದ ಅತಿ ಮೇಲಕ್ಕೆ, ಊಊಊಈಈಈ ಅಂತ, ಒಂದೇ ಉಸಿರಲ್ಲಿ. ಎದುರಿಗೆ ಮೈಕ್ ಇಟ್ಟು ಅದನ್ನ ಹಿಡ್ಕೊಳ್ಳೋದು. ಅಷ್ಟೇ! ಆ ಪೆಟ್ಟಿಗೆ ಎಲ್ಲಿ ಗೊಣಗುತ್ತೆ, ಎಲ್ಲಿ ಕೆಮ್ಮುತ್ತೆ, ಎಲ್ಲ ಕಂಪ್ಯೂಟರ್ ನೆನಪಿಟ್ಕೊಳ್ಳುತ್ತೆ. ಆಮೇಲೆ ನೀನು ನೇರ ಕೊಟ್ಟ ಗಿಟಾರ್ ಕೂಡ ಆ ಬಾಯಿಂದಾನೇ ಮಾತಾಡುತ್ತೆ.

ಯಾವ ಪೆಟ್ಟಿಗೆ ಅಂದ್ರೆ... ಯಾವುದೋ ಒಂದು. ಪಕ್ಕದ್ಮನೆಯೋರದು. ಅದೇನು ಮುಖ್ಯ ಈಗ?

ನೀನು ಕೇಳು ಮೊದಲು. ಮಾತಾಡ್ಬೇಡ. ಇದು ನಿನ್ನೆ ಸಂಜೆ ಮಾಡಿದ್ದು. ನೇರ ಕಂಪ್ಯೂಟರಿಗೆ, ಫ್ರಿಜ್ ಆರಿಸಿ, ಹಸಿರು ದೀಪದಲ್ಲಿ. ಒತ್ತಿದೆ ನೋಡು...

ಹೆಂಗಿದೆ? ಆ? ಹೆಂಗಿದೆ! ಇರು, ಈಗ ದಪ್ಪ ತಂತಿ ಬರುತ್ತೆ...

ಬಂತು.

ಯಾಕೋ... ಲೋಟ ಯಾಕೆ ಬಾಯಿ ಹತ್ರಾನೇ ನಿಲ್ಲಿಸ್ದೆ? ಆರೋಗುತ್ತೆ, ಕುಡಿ.

ಚೆನ್ನಾಗಿದೆ ಅನ್ನು. ಇಲ್ಲ ಚೆನ್ನಾಗಿಲ್ಲ ಅನ್ನು. ಏನಾದ್ರೂ ಅನ್ನೋ! ...ಪಕ್ಕದ್ಮನೆ ಪೆಟ್ಟಿಗೇನೂ ಹಂಗೇ ಗೊಣಗುತ್ತಪ್ಪ. ಅವರ ಮನೇಲೂ ಮೇಕೆ ಇದೆ.

ಆ ಮೂಲೆ ಯಾಕೆ ನೋಡ್ತೀಯ? ಅಲ್ಲೇನಿಲ್ಲ. ಕಂಬಳಿ. ಕಂಬಳಿ ಅಡಿ ಖರ್ಜೂರದ ಚೀಲ. ತಿನ್ನಾ ಇಟ್ಟಿರೋದು... ಎಲ್ಲಿಗೆ ಕೈ ಹಾಕ್ತೀಯ... ಕೈಯೆಲ್ಲಿಗೆ...

ಏಯ್, ಏಯ್... ಏನಿದು? ಖಮ್ದಾನ್, ಏನಿದು? ಮುಸುಕು ಯಾಕೆ ಏರಿಸ್ತೀಯ? ನನ್ನ ಮುಂದೆ? ನಾನೇನು ನಿಮ್ಮತ್ತೇನಾ? ಇಳಿಸೋ! ಮೂಗಿನವರೆಗೂ... ಇಷ್ಟು ಮೇಲಕ್ಕಾ? ನಿನ್ನ ಕಣ್ಣು ಬಿಟ್ರೆ ಏನೂ ಕಾಣ್ತಿಲ್ಲ. ಇಳಿಸು ಅಂದೆ, ತಮಾಷೆ ಮಾಡ್ಬೇಡ.

...

ಆಯ್ತು. ಅಬಲೆಸ್ಸಾದಲ್ಲಿಲ್ಲ.

ಕೆನಾನ್ ಹತ್ರ ಕಾರೇ ಇಲ್ಲ. ಅವನು ಅದನ್ನ ಮಾರಿ ಆಯ್ತು. ಪೆಟ್ಟಿಗೆ ಅಲ್ಲೇ ಇದೆ, ಕಂಬಳಿ ಅಡಿ. ತೆಗೆದು ನೋಡ್ಬೇಡ, ನಾನು ಹೇಳ್ತೀನಿ. ಸುಮಯ್ಯಾ ಹೇಳಿದ್ಲು, "ಬಿರಡೆ ಅರ್ಧಕ್ಕಿಡಿ, ಮೆಲ್ಲಗೆ ಸಿಳ್ಳೆ ಬಿಡಿ" ಅಂತ. ಎರಡು ಸಲ ಹೇಳಿದ್ಲು, ಸುಳ್ಳು ಹೇಳಲ್ಲ. ಆದ್ರೆ ಘಾಲಿ ಪೆಟ್ಟಿಗೇನ ಅರ್ಧಕ್ಕೆ ಇಡೋದಾ? ಅವನ ಪೆಟ್ಟಿಗೇನಾ? ಕೊನೇವರೆಗೂ ತಿರುಗಿಸ್ದೆ. ಮದುವೆ ಮನೆ ಅಳತೆಗೆ. ಗಿಟಾರ್ ಆದ್ರೆ ನಡುನಡುವೆ ಉಸಿರು ತಗೊಳ್ಳುತ್ತೆ. ಸಿಳ್ಳೆ ಎಲ್ಲಿ ತಗೊಳ್ಳುತ್ತೆ? ಏರ್ತು, ಏರ್ತು... ಗೋಂದು ಸುಟ್ಟ ವಾಸನೆ ಬಂತು. ಆರಿಸ್ಬೇಕಿತ್ತು. ಇನ್ನೊಂದು ಕ್ಷಣ ಇರ್ಲಿ, ಪೂರ್ತಿ ಸಿಗ್ಲಿ ಅಂತ... ಆ ಹಸಿರು ತೇಪೆ ಹಾರಿ ಬಂದು ನನ್ನ ಮಡಿಲಲ್ಲಿ ಬಿತ್ತು ಕಣೋ. ಕಾಗದ ಪೂರ್ತಿ ಸೀಳಿಹೋಯ್ತು. ಅದರ ಹಿಂದಿನ ಸುರುಳಿ ಕರಕಲು. ಸದ್ದು ಕಂಪ್ಯೂಟರಿಗೆ ಸಿಕ್ತು, ಪೆಟ್ಟಿಗೆ ಹೋಯ್ತು.

ಮೊನ್ನೆ ಅಲ್ಲ. ಯಾವಾಗ ಅಂತ ಕೇಳ್ತಾ ಇದೀಯಲ್ಲ ಕಣ್ಣಲ್ಲಿ... ಹೋದ ತಿಂಗಳು. ನೀನು ಫೋನ್ ಮಾಡಿ, "ಮದುವೆ ಗೊತ್ತಾಯ್ತು, ಪೆಟ್ಟಿಗೆ ತಗೊಂಡು ಹೋಗೋಕೆ ಬರ್ತೀನಿ" ಅಂದೆ ನೋಡು. ಅದೇ ಮಧ್ಯಾಹ್ನ.

ಹಂಗೆ ನೋಡ್ಬೇಡ. ನೋಡ್ಬೇಡ ಅಂದೆ!

ಹೌದು. ಹೌದಪ್ಪಾ ಹೌದು! ನೀನು ತಗೊಂಡು ಹೋದ್ರೆ ವಾಪಸ್ ತರಲ್ಲ ಅಂತ ಗೊತ್ತಿತ್ತು. ನಿಮ್ಮನೇದು, ಯಾಕೆ ತರ್ತೀಯ? ಮೂರು ವರ್ಷ ದಿನಾ ಒಂದು ಸಲ ಆ ದಪ್ಪ ತಂತಿ ಮೀಟ್ತಾ ಇದ್ದೆ. ಅವನು ಪಕ್ಕದ ಕೋಣೇಲಿ ಗೊಣಗ್ತಾ ಇದಾನೆ ಅನ್ನಿಸ್ತಿತ್ತು. ಅದಕ್ಕೆ... ಪೆಟ್ಟಿಗೆ ನಿಂಗೆ, ಸದ್ದು ನಂಗೆ ಅನ್ಕೊಂಡೆ. ನಿಂಗೆ ಗೊತ್ತಾಗೋದೇ ಇಲ್ಲ, ಪೆಟ್ಟಿಗೆ ಇದ್ದ ಹಾಗೇ ಇರುತ್ತೆ, ನಾನು ಇಲ್ಲಿ ಚಾಪೆ ಮೇಲೆ ಕೂತು... ಕದ್ದೆ. ಸತ್ತೋನ ಧ್ವನಿ ಕದ್ದೆ. ಸಾಕಾ? ಏನಾದ್ರೂ ಬೈಯ್ಯೋ. ನಿನ್ನ ಬಾಯಲ್ಲಿ ಬೈಗುಳ ಚೆನ್ನಾಗಿರುತ್ತೆ, ಬೈಯಿ!

...

ಮೂರನೇ ಲೋಟ ಹಾಕ್ತೀನಿ. ಸಿಹಿ ಜಾಸ್ತಿ ಹಾಕಿದೀನಿ, ನಿಂಗಿಷ್ಟ ಅಂತ. ಕುಡಿಯೋವರೆಗೂ ನೀನು ಎದ್ದು ಹೋಗೋ ಹಾಗಿಲ್ಲ, ನೆನಪಿರ್ಲಿ. ಕಂಪ್ಯೂಟರ್ ತಗೊಂಡು ಹೋಗು ಮದುವೆಗೆ. ಪೂರ್ತಿ ತಗೊಂಡು ಹೋಗು, ಡಬ್ಬಿ, ವೈರು ಎಲ್ಲ. ನಾನೇ ಬರ್ತೀನಿ, ಕರೆದ್ರೆ... ದೊಡ್ಡ ಸ್ಪೀಕರ್ ಬಾಡಿಗೆಗೆ ತಂದು ಇದನ್ನ ಜೋಡಿಸಿದ್ರೆ ದಸ್ಸೀನ್‌ಗೆ ಗೊತ್ತೇ ಆಗಲ್ಲ. ಅದೇ ಗೊಣಗಾಟ, ಅದೇ ಮೇಕೆ. ಕೊಟ್ಟ ಮಾತೂ ಉಳಿಯುತ್ತೆ. ಆ? ಏನಂತೀಯ?

ತಗೊಂಡ್ಯಾ? ಕುಡಿ, ಕುಡಿ... ಅಲ್ಲ ಖಮ್ದಾನ್. ಮುಸುಕು ಇಳಿಸಿ ಕುಡಿಯೋ. ಅಡಿಯಿಂದ ತೂರಿಸ್ಬೇಡ. ಹಂಗೆ ಕುಡೀಬೇಡ್ವೋ ನನ್ನ ಮನೇಲಿ...

ಮುಗೀತಾ. ಅಷ್ಟು ಬೇಗ.

ಏಳ್ತಾ ಇದೀಯ. ಆಯ್ತು, ಮೂರೂ ಆಯ್ತು, ಹಿಡ್ಕೊಳ್ಳೋಕೆ ನಂಗೇನೂ ಇಲ್ಲ. ಕಂಪ್ಯೂಟರ್ ಈ ಕಡೆ ಇದೆ. ಇಲ್ಲಿ, ಇಲ್ಲಿ... ಅಲ್ಲೆಲ್ಲಿಗೆ? ಅದ್ಯಾಕೆ? ಕಂಬಳಿ ಬಿಡು. ಅದನ್ಯಾಕೆ ಹೆಗಲ ಮೇಲೆ ಇಟ್ಕೊಳ್ತೀಯ? ಅದು ಸತ್ತಿದೆ ಕಣೋ! ಮೀಟಿದ್ರೆ ಉಸಿರೂ ಬರಲ್ಲ, ಮದುವೇಲಿ ಅದನ್ನ ಇಟ್ಕೊಂಡು ಏನು ಮಾಡ್ತೀಯ? ಖಮ್ದಾನ್! ಬಾಗಿಲು ಹಾಕ್ಬೇಡ! ಸದ್ದು ಇಲ್ಲಿದೆ! ಸದ್ದು ಇಲ್ಲೇ ಬಿಟ್ಟು ಹೋಗ್ತಿದೀಯಲ್ಲೋ...