ಶನಿವಾರದ ಬಸ್ಸು

ಟಾಸ್ಮೇನಿಯಾದ ಬರ್ನಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ನೇಪಾಳಿಗಳು: ಒಬ್ಬ ವೆಲ್ಡರ್, ಇನ್ನೊಬ್ಬಾಕೆ ವೃದ್ಧಾಶ್ರಮದ ನರ್ಸ್.

“ದೀದಿ, ನಂಗೆ ಪಿಆರ್ ಬಂತು. ಇನ್ನು ಆಸ್ಟ್ರೇಲಿಯಾದಲ್ಲೇ ಖಾಯಂ ಇರ್ಬಹುದು, ವೀಸಾ ಚಿಂತೆ ಇಲ್ಲ.”

“ಹೌದೇನೋ ನಿರಾಜನ್! ಯಾವಾಗ?”

“ಮಂಗಳವಾರ.”

“ಇವತ್ತು ಶನಿವಾರ ಕಣೋ! ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?”

“ಊರಿಗೆ ಫೋನ್ ಮಾಡ್ದೆ. ಇಲ್ಲಿ ಇನ್ಯಾರಿಗೆ ಹೇಳ್ಲಿ? ನೀವು ಈ ಬಸ್ಸಿಗೆ ಬರೋದು ಶನಿವಾರ ಮಾತ್ರ ತಾನೇ?”

ಆಕೆ ಅವನ ಕಡೆ ತಿರುಗಿ ಕೂತಳು.

“ಮೂರು ವರ್ಷ ದೊಡ್ಡ ಸಿಟಿ ಬಿಟ್ಟು ಈ ಕಡೆಯೇ ಇರ್ಬೇಕು ಅನ್ನೋ ವೀಸಾ ಷರತ್ತು ಮುಗೀತಲ್ಲ, ಸಿಡ್ನಿಗೆ ಹೋಗು. ಇಲ್ಲೇ ಇದ್ದೆ ಅನ್ನೋದಕ್ಕೆ ಸಾಕ್ಷಿ ಅಂತ ಕೂಡಿಟ್ಟಿದ್ಯಲ್ಲ, ಆ ಬಸ್ ಟಿಕೆಟ್ಟೆಲ್ಲ ಬಿಸಾಕು.”

“ಹೂಂ, ದೀದಿ.”

ಅವರ ಬಸ್ಸು ಬಂತು. ಬಾಗಿಲಲ್ಲಿ ನಿರಾಜನ್ ಟಿಕೆಟ್ ತೆಗೆದುಕೊಂಡ. ಜೋಪಾನವಾಗಿ ಮಡಚಿ ಪರ್ಸಿನೊಳಗೆ ಇಟ್ಟುಕೊಂಡ.