ಎರಡು ಬೆರಳು ಮೇಲೆ

ನಾನು ಹೆದರುವ ಪೈಕಿ ಅಲ್ಲ, ಅದು ನಿಮಗೆಲ್ಲ ಗೊತ್ತು. ಕಾಡಿನಲ್ಲಿ ಜಾಗ್ವಾರ್ ಎದುರಾದಾಗ ದಾರಿ ಬಿಟ್ಟದ್ದು ಅದು, ನಾನಲ್ಲ. ಆದರೂ ಊರಾಚೆ ಬಾವಿಯ ಪಕ್ಕದ ಬೂರುಗದ ಮರದ ಕೆಳಗೆ ರಾತ್ರಿ ಹನ್ನೊಂದರ ಮೇಲೆ ನಾನು ಕಾಲಿಡುವುದಿಲ್ಲ. ಹೆದರಿಕೆಯಿಂದಲ್ಲ... ನನ್ನ ಚಿಕ್ಕಮ್ಮನ ಮಗ ಗಾಸ್ಪರ್‌ಗೆ ಅಲ್ಲಿ ಆದದ್ದು ಗೊತ್ತಿರುವುದರಿಂದ.

ಅವನು ಆ ರಾತ್ರಿ ಒಬ್ಬನೇ ನಡೆದು ಬರುತ್ತಿದ್ದ. ಎಲ್ಲಿಂದ ಅಂತ ಮೊದಲು ಹೇಳಿಬಿಡುತ್ತೇನೆ.

ಗಾಸ್ಪರ್ ಹಗಲೆಲ್ಲ ಸೈಕಲ್ ಗಾಡಿ ತುಳಿಯುವವನು. ಸಂಜೆ ಗ್ರಂಥಾಲಯದಲ್ಲಿ ವಿಲ್ಬರ್ತ್ ಮೇಷ್ಟ್ರ ತರಗತಿ. ಕಂಪ್ಯೂಟರಿನಲ್ಲಿ ಮನುಷ್ಯರ ಬೊಂಬೆ ನಿಲ್ಲಿಸಿ, ಕೈಕಾಲು ತಿರುಗಿಸಿ, ಬೆಳಕು ಬಿಟ್ಟು ಚಿತ್ರ ಮಾಡುವ ವಿದ್ಯೆ. ಸತ್ತವರ ಹಬ್ಬಕ್ಕೆ ಎಲ್ಲರೂ ಒಂದೊಂದು ಭಯದ ಚಿತ್ರ ಮಾಡಬೇಕಿತ್ತು. ಗಾಸ್ಪರ್ ನಮ್ಮ ಇಶ್ತಾಬಾಯ್‌ಳನ್ನೇ ಹಿಡಿದ. ಬೂರುಗದ ಬುಡದಲ್ಲಿ ತಲೆ ಬಾಚಿಕೊಳ್ಳುತ್ತಾ ಗಂಡಸರನ್ನು ಕರೆಯುತ್ತಾಳಲ್ಲ, ಆ ದೆವ್ವ. ಬೊಂಬೆಯ ಮುಖ ಸಪ್ಪೆ ಅನ್ನಿಸಿತು. ಹೆಂಡತಿ ಲಿಗಿಯಾಳ ಫೋಟೋ ತಂದು ಅವಳ ಮುಖವನ್ನೇ ಅಂಟಿಸಿದ. ಕೇಳಲಿಲ್ಲ, ಹೇಳಲಿಲ್ಲ.

"ದೋನ್ ಗಾಸ್ಪರ್, ನಿಮ್ಮ ಹೆಂಗಸಿನ ಪಾದ ನೆಲಕ್ಕೆ ತಾಕಿಲ್ಲ. ಎರಡು ಬೆರಳು ಮೇಲೆ ತೇಲ್ತಿದಾಳೆ. ಹೊಸಬರೆಲ್ಲ ಇದೇ ತಪ್ಪು ಮಾಡ್ತೀರಿ" ಅಂದರು ಮೇಷ್ಟ್ರು. ಕಲಿಯಲು ಬಂದವರನ್ನೂ ಗೌರವದಿಂದ 'ದೋನ್' ಅನ್ನುವವರು ಅವರು.

"ಇರ್ಲಿ ಬಿಡಿ ಮೇಷ್ಟ್ರೇ. ದೆವ್ವ ಏನು ಬಾಡಿಗೆ ಕೊಡುತ್ತಾ, ನೆಲ ಕೊಡೋಕೆ?"

ಎಲ್ಲರೂ ನಕ್ಕರು.

ಮರುದಿನ ಬೆಳಿಗ್ಗೆ ಲಿಗಿಯಾ ಗೋಡೆ ಹಿಡಿದು ನಿಂತಿದ್ದಳು. "ಗಾಸ್ಪರ್... ಕಾಲ ಕೆಳಗೆ ನೆಲ ಇದೆ ಅಂತ ಗೊತ್ತೇ ಆಗ್ತಿಲ್ಲ ಕಣೋ."

ಮೂರು ದಿನಕ್ಕೆ ಮೂರು ಸಲ ಬಿದ್ದಳು. ಮೆರಿದಾ ಪಟ್ಟಣದ ಡಾಕ್ಟರು ಪಾದಕ್ಕೆ ಸೂಜಿ ಚುಚ್ಚಿ ನೋಡಿದರು. ಸೂಜಿ ಗೊತ್ತಾಗುತ್ತದೆ. ನೆಲ ಗೊತ್ತಾಗುವುದಿಲ್ಲ. ನಾಲ್ಕನೆಯ ದಿನ ಅವಳಿಗೆ ಹಾಸಿಗೆಯಿಂದ ಏಳಲೇ ಆಗಲಿಲ್ಲ.

ಅವತ್ತು ರಾತ್ರಿಯದೇ ಈ ಮಾತು. ಚಿತ್ರ ಒಪ್ಪಿಸಲು ಕೊನೆಯ ದಿನ ಅಂತ ಗಾಸ್ಪರ್ ತರಗತಿಗೆ ಹೋಗಿದ್ದ. ಗಾಡಿಯ ಟೈರು ಪಂಕ್ಚರ್. ನಡೆದೇ ಬಂದ. ಬಾವಿ ದಾಟಿದ...

ಸರ್‌... ಸರ್‌...

ಒಣಗಿದ ಕೂದಲಿನಲ್ಲಿ ಮರದ ಬಾಚಣಿಗೆ ಎಳೆದ ಸದ್ದು.

"ಗಾಸ್ಪರ್."

ಲಿಗಿಯಾಳ ದನಿ. ಟಾರ್ಚಿನ ಬೆಳಕು ಬಿಟ್ಟ. ಲಿಗಿಯಾಳ ಮುಖ. ಬೆಳಕನ್ನು ಕೆಳಗಿಳಿಸಿದ. ಪಾದ... ನೆಲಕ್ಕಿಂತ ಎರಡು ಬೆರಳು ಮೇಲೆ. ಅಡಿಯಲ್ಲಿ ನೆರಳಿಲ್ಲ.

"ಕಾಲು ಸೋತಿದೆ" ಅಂದಳು, ಪಿಸುದನಿಯಲ್ಲಿ. "ಕೆಳಗಿಳ್ಸು."

"ಇಳಿಸಿದ್ರೆ... ಎಲ್ಲಿಗೆ ಹೋಗ್ತೀಯಾ?"

ಅವಳ ಕೈಯ ಬಾಚಣಿಗೆ ನಿಂತಿತು.

"ನಿನ್ನ ಮನೆಗಲ್ಲ."

ಮತ್ತೆ ಸರ್‌... ಸರ್‌... ಗಾಸ್ಪರ್ ಹಿಂದಕ್ಕೆ ತಿರುಗಿ ಓಡಿದ. ಅಂಥ ಓಟ ನನಗೊಬ್ಬನಿಗೇ ಬರುವುದು ಅಂದುಕೊಂಡಿದ್ದೆ. ನಮ್ಮ ವಂಶದಲ್ಲೇ ಇದೆ ಅಂತ ಆಮೇಲೆ ತಿಳಿಯಿತು.

ವಿಲ್ಬರ್ತ್ ಮೇಷ್ಟ್ರು ಗ್ರಂಥಾಲಯಕ್ಕೆ ಬೀಗ ಹಾಕುತ್ತಿದ್ದರು. ತೆಗೆಸಿದ. ಏದುಸಿರಲ್ಲೇ ಎಲ್ಲ ಹೇಳಿದ. ಕಂಪ್ಯೂಟರು ಹಾಕಿಸಿದ. ಚಿತ್ರ ತೆರೆಯಿತು. ಅವಳು ತೇಲುತ್ತಲೇ ಇದ್ದಳು.

"ಅಳಿಸಿಬಿಡಿ ದೋನ್ ಗಾಸ್ಪರ್" ಅಂದರು ಮೇಷ್ಟ್ರು.

"ಮುಖ ನನ್ನ ಹೆಂಡ್ತೀದು ಮೇಷ್ಟ್ರೇ. ಅಳಿಸಿದ್ಮೇಲೆ ಮನೇಲಿರೋಳಿಗೆ ಏನಾದ್ರೂ ಆದ್ರೆ?"

"ಇಳಿಸಿದ್ರೆ?"

"ಇಳಿಸಿದ್ರೆ ನಡೀತಾಳೆ." ಗಾಸ್ಪರ್ ಅಂಗೈ ಒರೆಸಿಕೊಂಡ. "ಇಬ್ರೂ ನಡೀತಾರೆ."

ಮೊದಲು ಲಿಗಿಯಾಳ ಮುಖ ತೆಗೆದ. ಬೊಂಬೆಯ ಸಪ್ಪೆ ಮುಖ ವಾಪಸ್ ಬಂತು. ಆಮೇಲೆ ನೆಲಕ್ಕಿಳಿಸುವ ಗುಂಡಿಯ ಮೇಲೆ ಬಾಣ ತಂದ. ಒತ್ತಿದ.

ಟಿಕ್.

ಪರದೆಯಲ್ಲಿ ಪಾದ ನೆಲಕ್ಕೆ ಕೂತಿತು. ಕಾಲಡಿಯಿಂದ ನೆರಳು ಹುಟ್ಟಿತು.

ತಪ್... ತಪ್... ತಪ್...

ಬರಿಗಾಲು. ಹೆಂಚಿನ ನೆಲ. ಅವರ ಬೆನ್ನ ಹಿಂದೆ. ಬಾಗಿಲು ಕಿರ್ರ್‌ ಎಂದು ತೆರೆದುಕೊಂಡಿತು... ಹಾಗೇ ನಿಂತಿತು. ಇಬ್ಬರೂ ತಿರುಗಲಿಲ್ಲ.

"ಹೋದ್ಲಾ?" ಮೇಷ್ಟ್ರು ಕೇಳಿದರು.

"ನೀವೇ ನೋಡಿ."

"ನಾನ್ಯಾಕಪ್ಪ ನೋಡ್ಲಿ? ಚಿತ್ರ ನಿಮ್ದು."

ಬೆಳಗಾಗುವವರೆಗೆ ಹಾಗೇ ಕೂತಿದ್ದರು, ಪರದೆಯ ಕಡೆಗೂ ನೋಡದೆ. ಹೊತ್ತು ಹುಟ್ಟಿದ ಮೇಲೆ ಗಾಸ್ಪರ್ ಮನೆಗೆ ಬಂದರೆ ಲಿಗಿಯಾ ಒಲೆಯ ಮುಂದೆ ನಿಂತು ರೊಟ್ಟಿ ತಟ್ಟುತ್ತಿದ್ದಳು. ಚಪ್ಪಲಿ ಇಲ್ಲದೆ.

"ನೆಲ ಏನು ತಣ್ಣಗಿದೆ ಕಣೋ" ಅಂದಳು. "ರಾತ್ರಿ ಎಲ್ಲಿ ಹಾಳಾಗಿ ಹೋಗಿದ್ದೆ?"

ಅವನು ಅವಳ ಪಾದ ಹಿಡಿದು ಅತ್ತನಂತೆ. ಅವಳಿಗೆ ಅವನು ಕುಡಿದಿದ್ದಾನೆ ಅಂತ ಅನುಮಾನ.

ಆ ಇನ್ನೊಬ್ಬಳು ಯಾರ ಮನೆಗೆ ಹೋದಳೋ ಕಾಣೆ. ನಮ್ಮನೆಗಂತೂ ಬಂದಿಲ್ಲ. ಬಂದಿದ್ದರೆ ನನ್ನ ಹೆಂಡತಿ ಅವಳ ಕೈಲಿ ಪಾತ್ರೆ ತೊಳೆಸುತ್ತಿದ್ದಳು.

ಸುಳ್ಳು ಅನ್ನುತ್ತೀರಾ? ನಾನು ಬೇರೆ ಎಷ್ಟೋ ಸುಳ್ಳು ಹೇಳಿದ್ದೇನೆ, ಒಪ್ಪಿದೆ. ಇದು ಮಾತ್ರ ನಡೆದದ್ದು. ಹಬ್ಬದ ದಿನ ಪುರಸಭೆಯ ಗೋಡೆಯ ಮೇಲೆ ಗಾಸ್ಪರನ ಚಿತ್ರ ಬಿಟ್ಟರು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ತೀರ್ಪುಗಾರರು ಮರ ಬಹಳ ಚೆನ್ನಾಗಿದೆ, ಹೆಂಗಸನ್ನು ಹಾಕುವುದು ಮರೆತಿದ್ದೀರಿ ಅಂದರು.

ಮರ ಇತ್ತು. ಬೆಳದಿಂಗಳು ಇತ್ತು. ಬುಡದಲ್ಲಿ ಯಾರೂ ಇರಲಿಲ್ಲ. ನೆಲದ ಮೇಲೆ ಒಂದು ಹೆಂಗಸಿನ ನೆರಳು ಮಾತ್ರ ಬಿದ್ದಿತ್ತು, ಒಂದು ಕೈ ತಲೆಯ ಮೇಲೆ.