ಅಂಟಿನ ಕೋಣೆಯ ಚಿಲಕ

ನನ್ನ ಹೆಸರು ಮಾರಕ್ಕ, ಗಂಡ ಆದಿನಾರಾಯಣಪ್ಪ, ವಯಸ್ಸು 50 ವರ್ಷ, ಕಾರ್ಖಾನೆ ಕೆಲಸ, ವಾಸ ಕೊಳತೂರು, ಹೊಸಕೋಟೆ ತಾಲೂಕು. ಠಾಣೆಗೆ ನಾನಾಗಿಯೇ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಾನು ಆರು ವರ್ಷದಿಂದ ಪಿಲ್ಲಗುಂಪೆಯ ಒಂದು ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆ ಅಂಟಿಸುತ್ತೇನೆ. ನಮ್ಮ ಸೂಪರ್‌ವೈಸರ್ ವೇಣುಗೋಪಾಲ್ ಅವರು, ಬೇಸ್‌ಬಾಲ್ ಎಂಬ ಆಟದಲ್ಲಿ ಒಂದು ಸಲ ಬ್ಯಾಟು ತಪ್ಪಿದರೆ ಸ್ಟ್ರೈಕ್, ಮೂರು ಸಲ ತಪ್ಪಿದರೆ ಔಟು ಎಂದು ಹೇಳಿ, ಕೆಲಸದಲ್ಲಿ ತಪ್ಪಿದವರ ಹೆಸರಿನ ಮುಂದೆ 'ಸ್ಟ್ರೈಕ್' ಎಂದು ಬೋರ್ಡಿನಲ್ಲಿ ಗೀಟು ಎಳೆಯುತ್ತಿದ್ದರು. ಆ ಆಟವನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ಮೂರು ಗೀಟಾದವರು ಅಂಟಿನ ಡಬ್ಬ ಇಡುವ ಕೋಣೆಯಲ್ಲಿ ಒಂದು ಗಂಟೆ ಕೂರಬೇಕು. ಅದಕ್ಕೆ ಕಿಟಕಿ ಇಲ್ಲ. ನಾವು ಅದನ್ನು 'ಸೆಲ್' ಎನ್ನುತ್ತಿದ್ದೆವು. ಶೌಚಕ್ಕೆ ಹೋಗುವುದು 'ಪೆರೋಲ್', ವೇಣುಗೋಪಾಲ್ ಅವರು 'ಜೈಲರ್ ಸಾರ್'. ಅವರೂ ನಗುತ್ತಿದ್ದರು. ನಾನೂ ಒಂದು ಸಲ ರಾಮ ರಾಮ ಎನ್ನುತ್ತಾ ಅಲ್ಲಿ ಕೂತು ಬಂದಿದ್ದೇನೆ.

ದಿನಾಂಕ 18-06-2024 ಮಂಗಳವಾರ ಬೆಳಗ್ಗೆ 7.40ಕ್ಕೆ ಕಂಪನಿ ಬಸ್ಸಿನಲ್ಲಿ, ನನ್ನ ಜೊತೆ ಕೆಲಸ ಮಾಡುವ ರೂಪ, 23 ವರ್ಷ, ಇವಳ ಹಣೆಗೆ ನಾನು ಅಮ್ಮನವರ ಗುಡಿಯ ಕುಂಕುಮ ಇಟ್ಟೆ. 11.10ಕ್ಕೆ ಅವಳು ಎಡಗಾಲಿನ ಅಟ್ಟೆಯನ್ನು ಬಲಗಾಲಿಗೆ ಅಂಟಿಸಿದ್ದಕ್ಕೆ ಮೂರನೇ ಗೀಟು ಬಿತ್ತು. ವೇಣುಗೋಪಾಲ್ ಅವರು, ಔಟು, ನಡಿಯಮ್ಮ ಎಂದರು. ರೂಪ ನನ್ನ ಕಡೆ ತಿರುಗಿ, ಮಾರಕ್ಕಾ, ಸೆಲ್ಲಿಗೆ ಮುದ್ದೆ ಕಳ್ಸು ಎಂದು ನಗಾಡಿಕೊಂಡೇ ಹೋದಳು. ಅವಳಿಗೆ ಉಬ್ಬಸ ಇರುವುದು ನನಗೆ ಗೊತ್ತಿತ್ತು. ಇನ್‌ಹೇಲರ್ ಇದ್ದ ಅವಳ ಚೀಲ ನನ್ನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ವೇಣುಗೋಪಾಲ್ ಅವರು ನನಗೆ ಚಿಲಕ ಹಾಕಲು ಹೇಳಿದರು. ಹಾಕಿದೆ. ಅವರು ಆಫೀಸಿಗೆ ಹೋದರು.

11.35ಕ್ಕೆ ಅವಳು ಬಾಗಿಲು ಬಡಿದಳು. ಕೋಣೆ ನನ್ನ ಮೇಜಿನಿಂದ ಹತ್ತು ಹೆಜ್ಜೆ. ನಾನು ಕೂತಲ್ಲಿಂದಲೇ, ನಿಂಗಿನ್ನೂ ಬೇಲ್ ಆಗಿಲ್ಲ ಕಣೇ, ಸುಮ್ನೆ ಕೂತ್ಕೋ ಎಂದೆ. ಎಲ್ಲರೂ ನಕ್ಕರು. ಅವಳು ಮತ್ತೆ ಬಡಿದಳು. ಪಕ್ಕದ ಮೇಜಿನ ಪಾಪಮ್ಮ, ಜೈಲ್ ಒಡೀತಾವ್ಳೆ ನೋಡ್ರೇ ಎಂದಳು. ಆಮೇಲೆ ಬಡಿಯಲಿಲ್ಲ. ನಾನು ಇನ್ನೂ ನಲವತ್ತು ಜೊತೆ ಅಂಟಿಸಿದೆ.

12.10ಕ್ಕೆ, ಗಂಟೆ ತುಂಬಿತೆಂದು ನಾನೇ ಚಿಲಕ ತೆಗೆದೆ. ಬಾಗಿಲಿಗೆ ಒರಗಿದ್ದವಳು ನನ್ನ ಕಾಲ ಮೇಲೆ ಬಿದ್ದಳು. ತುಟಿ ನೀಲಿಯಾಗಿತ್ತು. 12.50ಕ್ಕೆ ಆಸ್ಪತ್ರೆಯಲ್ಲಿ ಜೀವ ಹೋಗಿದೆ ಎಂದರು.

ಅದೇ ದಿನ ಸಂಜೆ 6.30ಕ್ಕೆ ನಾನು ದೇವರಿಗೆ ದೀಪ ಹಚ್ಚುತ್ತಿದ್ದಾಗ ಕಾರ್ಖಾನೆಯ ಮ್ಯಾನೇಜರ್ ಶ್ರೀಧರ್ ಅವರು ಮನೆಗೆ ಬಂದು, ಚಿಲಕ ತಾನಾಗಿಯೇ ಬಿತ್ತೆಂದು ನಾನು ಹೇಳಬೇಕು, ಇಲ್ಲವಾದರೆ ಕೇಸು ನನ್ನ ಮೇಲೇ ಬರುತ್ತದೆ ಎಂದರು. ಯೋಚ್ನೆ ಮಾಡಮ್ಮ, ಈ ವಯಸ್ಸಲ್ಲಿ ನಿಂಗೆ ಜೈಲು ಬೇಕಾ ಎಂದರು.

ಆ ಚಿಲಕ ತುಕ್ಕು ಹಿಡಿದಿದೆ. ತಾನಾಗಿ ಬೀಳುವುದಿಲ್ಲ. ಎರಡು ಕೈಯಲ್ಲಿ ಎತ್ತಿ ತಳ್ಳಬೇಕು. ವೇಣುಗೋಪಾಲ್ ಅವರು ಹೇಳಿದರು, ನಾನು ತಳ್ಳಿದೆ. ಇಬ್ಬರ ಹೆಸರನ್ನೂ ಬರೆದುಕೊಳ್ಳಬೇಕು.

ಬರೆದುದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಇದೆ, ದೇವರ ಸಾಕ್ಷಿಯಾಗಿ ನಿಜ.

ಸ್ಥಳ: ಹೊಸಕೋಟೆ
ದಿನಾಂಕ: 19-06-2024
ಸಹಿ: ಮಾರಕ್ಕ